ರಿಜಿಸ್ಟರ್ ಪೋಸ್ಟಿನ ಐನ್‌ಸ್ಟೈನ್

ಚಿಕ್ಕೋಡಿಯ ಚಹಾದಂಗಡಿಯಲ್ಲಿ ಮುಂಜಾನೆ ಎಂಟಕ್ಕೆ ಸಾಪೇಕ್ಷತಾ ಸಿದ್ಧಾಂತ ಸೋಲುತ್ತದೆ, ಒಂಬತ್ತಕ್ಕೆ ಕ್ವಾಂಟಂ. ಸೋಲಿಸುವವರು ನಿವೃತ್ತ ಗಣಿತದ ಮಾಸ್ತರರು. ಇಂಥವರೊಬ್ಬರು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲೂ ಅಥಣಿಯ ಚಪ್ಪಲಿ ಅಂಗಡಿಯ ಕಟ್ಟೆಯ ಮೇಲೂ ರಾಯಬಾಗ ಸ್ಟೇಷನ್ನಿನಲ್ಲೂ ಕಾಗವಾಡದ ಕಬ್ಬಿನ ಗಾಡಿಗಳ ಸಾಲಿನಲ್ಲೂ ಸಿಗುತ್ತಾರೆ. ಒಬ್ಬರ ಸಿದ್ಧಾಂತವನ್ನು ಇನ್ನೊಬ್ಬರು ಒಪ್ಪುವುದಿಲ್ಲ, ಅಷ್ಟೇ.

"ತಮ್ಮಾ, ವಿಶ್ವದಾಗ ನೂರಕ್ಕ ಇಪ್ಪತ್ತೇಳು ಪಾಲು ಡಾರ್ಕ್ ಮ್ಯಾಟರ್ ಅಂತ. ಕಣ್ಣಿಗೆ ಕಾಣೂದಿಲ್ಲ, ಕೈಗೆ ಸಿಗೂದಿಲ್ಲ, ಲೆಕ್ಕದಾಗ ಮಾತ್ರ ಐತಿ. ನಮ್ಮ ಚಿಕ್ಕೋಡಿ ಜಿಲ್ಲಾ ಇದ್ದಾಂಗ!"

1997ರಲ್ಲಿ ಘೋಷಣೆಯಾಗಿ ವಾಪಸಾದ ಜಿಲ್ಲೆ ನೆನಪಾಗಿ ಅಂಗಡಿಯೇ ನಗುತ್ತದೆ. ನಾನೂ ನಗುತ್ತೇನೆ, ಮಾತಿನಲ್ಲಿ ಹುರುಳಿದೆ. ಗೆಲಾಕ್ಸಿಗಳು ತಿರುಗುವ ವೇಗ ನೋಡಿ ಡಾರ್ಕ್ ಮ್ಯಾಟರ್ ಇರಲೇಬೇಕು ಅಂದಿದ್ದಾರೆಯೇ ಹೊರತು ಅದರ ಕಣವನ್ನು ಯಾರೂ ಹಿಡಿದು ತೋರಿಸಿಲ್ಲ.

2011ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದಿಂದ ಹೊರಟ ನ್ಯೂಟ್ರಿನೋಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಇಟಲಿ ಮುಟ್ಟಿದವೆಂದು ಸುದ್ದಿ ಬಂತು. ಐನ್‌ಸ್ಟೈನ್ ಸೋತನೆಂದು ಮಾಸ್ತರರು ಅಂಗಡಿಗೆಲ್ಲ ಕುಂದಾ ಹಂಚಿದರು. ಮರುವರ್ಷ, ಕೇಬಲ್ಲೊಂದು ಸರಿಯಾಗಿ ಕೂತಿರಲಿಲ್ಲವೆಂದು ಆ ಪ್ರಯೋಗ ಮಾಡಿದ ವಿಜ್ಞಾನಿಗಳೇ ಹೇಳಿದರು. ತಮ್ಮ ಕೇಬಲನ್ನು ತಾವೇ ಅನುಮಾನಿಸುವ ಈ ಚಾಳಿ ಮಾಸ್ತರರಿಗೆ ಸುತರಾಂ ಸೇರಲಿಲ್ಲ. "ಮ್ಯಾಲಿಂದ ಫೋನ್ ಬಂದಿರಬೇಕು," ಅಂದರು. ಕುಂದಾ ತಿಂದವರು ತಲೆಯಾಡಿಸಿದರು.

ಗುರುತ್ವದ ಅಲೆ ಸಿಕ್ಕಿತೆಂದು 2016ರಲ್ಲಿ ಪೇಪರಿನಲ್ಲಿ ಬಂದಾಗಲೂ ಹೀಗೇ. "ಬಾಜೂಕ ಲಾರಿ ಹಾದಿರಬೇಕು, ಗ್ವಾಡಿ ಅಲಗ್ಯಾವು."

"ಸರ, 3000 ಕಿಲೋಮೀಟರ್ ದೂರದ ಎರಡೂ ಯಂತ್ರ ಒಂದs ನಮೂನಿ ಅಲಗ್ಯಾವಲ್ರೀ?"

"ಎರಡು ಲಾರಿ."

ಕೊನೆಗೆ, ಆ ಅಲೆ ಎಬ್ಬಿಸುವ ಎರಡು ಕಪ್ಪುರಂಧ್ರ ಕೂಡಿದ ಮೇಲೆ ಗಂಟೆಯಂತೆ ಮಿಡಿದು ಹೇಗೆ ತಣ್ಣಗಾಗುತ್ತದೆಂಬ ಲೆಕ್ಕಕ್ಕೆ 1970ರಲ್ಲೇ ದಾರಿ ಮಾಡಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅಂದೆ. ಮಾಸ್ತರರ ಮುಖ ಅರಳಿತು.

"ನಮ್ಮ ಕನ್ನಡದವರs? ಹಂಗಾರ ಅದೊಂದು ಖರೇ ಇರಬೇಕು ಬಿಡು."

ಮಾಸ್ತರರ ಸ್ವಂತ ಸಿದ್ಧಾಂತ ಇನ್ನೂರು ಪೇಜಿನ ನೋಟ್‌ಬುಕ್ಕಿನಲ್ಲಿದೆ. ಅದರ ಝೆರಾಕ್ಸು ರಿಜಿಸ್ಟರ್ ಪೋಸ್ಟಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಗಿದೆ. ಉತ್ತರ ಬಂದಿಲ್ಲ, ಬಂದದ್ದು ಅಕ್ನಾಲೆಜ್‌ಮೆಂಟ್ ಕಾರ್ಡು. ಅದನ್ನು ಲ್ಯಾಮಿನೇಷನ್ ಮಾಡಿಸಿ ಕಿಸೆಯಲ್ಲಿಟ್ಟಿದ್ದಾರೆ. "ನೋಡು, ಸಹಿ ಐತಿ, ಸಿಕ್ಕಾ ಐತಿ. ಸ್ವೀಕಾರ ಮಾಡ್ಯಾರ!"

ಮೊನ್ನೆ ಚಹಾದಂಗಡಿಯವನ ಮಗಳು, ಪಿಯುಸಿ ಸೈನ್ಸಿನ ಹುಡುಗಿ, ಗ್ಲಾಸು ತೊಳೆಯುತ್ತಲೇ ಕೇಳಿದಳು: "ಸರ, ಬುಧ ಗ್ರಹದ ಕಕ್ಷೆ ನೂರು ವರ್ಷಕ್ಕ 43 ಆರ್ಕ್‌ಸೆಕೆಂಡ್ ಹೆಚ್ಚಿಗಿ ಸರೀತೈತಂತ. ನ್ಯೂಟನ್ ಲೆಕ್ಕಕ್ಕ ಅದು ಸಿಗಲಿಲ್ಲ, 1915ರಾಗ ಐನ್‌ಸ್ಟೈನ್ ಲೆಕ್ಕಕ್ಕ ಸಿಕ್ಕಿತು. ನಿಮ್ಮ ಲೆಕ್ಕದಾಗ ಎಷ್ಟು ಬರ್ತೈತ್ರೀ?"

ಮಾಸ್ತರರು ಬಶಿಯಲ್ಲಿದ್ದ ಚಹಾ ಪೂರ್ತಿ ಹೀರಿ, ಮೀಸೆ ಒರೆಸಿಕೊಂಡು ಹೇಳಿದರು:

"ಅದು ಎರಡನೇ ಭಾಗದಾಗ ಐತಿ, ಮಗಳ. ಅದನ್ನ ಇನ್ನೂ ರಿಜಿಸ್ಟರ್ ಮಾಡಬೇಕು."