ಅಕ್ಕಾವ್ರ ಊಟ

ಕಡೂರಿನ ನಮ್ಮ ಬೀದಿಯ ಲೆಕ್ಕದ ಮೇಷ್ಟ್ರು ನಿವೃತ್ತರಾಗಿ 13 ವರ್ಷವಾಯಿತು. ಅವರು ಶಾಲೆ ಬಿಟ್ಟರೂ ಲೆಕ್ಕ ಅವರನ್ನು ಬಿಟ್ಟಿಲ್ಲ. ಕೂಡಿಸಿ ಕಳೆಯಲು ಹುಡುಗರಿಲ್ಲದ ಮನೆಯಲ್ಲಿ ಒಂದು ಮುದಿ ಬೆಕ್ಕಿದೆ. ಇಂಥವರು ಈಗ ಊರಿಗೊಬ್ಬರು ಇದ್ದೇ ಇದ್ದಾರೆ. ತಮ್ಮ ಬಿಪಿ ಮಾತ್ರೆ ಎಲ್ಲಿಟ್ಟೆವೆಂದು ನೆನಪಿರುವುದಿಲ್ಲ. ಬೆಕ್ಕು ಬೆಳಿಗ್ಗೆಯಿಂದ ಎಷ್ಟು ನೀರು ಕುಡಿಯಿತೆಂದು ಮಿಲಿಲೀಟರಿನಲ್ಲಿ ಹೇಳುತ್ತಾರೆ.

ಮೇಷ್ಟ್ರ ಮನೆ ಅಪ್ಪಟ ಸಸ್ಯಾಹಾರಿ. ಬೆಕ್ಕಿಗೆ ಒಳಗೆ ಹಾಲನ್ನ. ಇಲಿ ಓತಿಕ್ಯಾತವೆಲ್ಲ ಹಿತ್ತಲಿನ ವ್ಯವಹಾರ. ಮನೆಯವರು ನೋಡಿಯೂ ನೋಡದಂತಿದ್ದರು. ಈಗ ಅದರ ಹಲ್ಲು ಸವೆದಿದೆ, ಮಂಡಿ ಹಿಡಿದುಕೊಂಡಿದೆ. ಇಲಿ ಎದುರಿಗೇ ಹಾದುಹೋದರೂ, ಪಿಂಚಣಿದಾರರು ಹಳೆಯ ಕಚೇರಿಯ ಬೋರ್ಡು ನೋಡುವಂತೆ ನೋಡಿ ಕಣ್ಣು ಮುಚ್ಚುತ್ತದೆ. ಬೇಟೆ ನಿಂತಿತು, ಹಿತ್ತಲಿನ ಖಾತೆ ಮೇಷ್ಟ್ರ ಕೊರಳಿಗೆ ಬಿತ್ತು.

ಏಕೆಂದರೆ ಬೆಕ್ಕು ಮಾಂಸಾಹಾರಿಯಾಗಿಯೇ ಹುಟ್ಟಿದ ಪ್ರಾಣಿ. ಟಾರಿನ್ ಎಂಬ ಅಂಶ ಅದಕ್ಕೆ ಬೇಕೇ ಬೇಕು, ಅದು ಅನ್ನ ಸಾರಿನಲ್ಲಿಲ್ಲ. ಕಡಿಮೆಯಾದರೆ ಕಣ್ಣು ಮಂಜಾಗುತ್ತದೆ, ಹೃದಯ ಸೊರಗುತ್ತದೆ. ಪಶು ಆಸ್ಪತ್ರೆಯ ಸಾಲಿನಲ್ಲಿ ಎರಡು ಎಮ್ಮೆಗಳ ನಡುವೆ ಬುಟ್ಟಿ ಹಿಡಿದು ನಿಂತು ಮೇಷ್ಟ್ರು ಇದನ್ನೆಲ್ಲ ಕೇಳಿಕೊಂಡು ಬಂದರು. ಸೋವಿ ಎಂದು ನಾಯಿಯ ಬಿಸ್ಕತ್ತು ಹಾಕುವ ಯೋಚನೆಯೂ ಅಲ್ಲೇ ಸತ್ತಿತು. ನಾಯಿಯ ತಿನಿಸಿನಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ.

ಆಮೇಲೆ ಹಾಲು. ವಯಸ್ಸಿಗೆ ಬಂದ ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. "ಬಿಸಿ ಹಾಲಿಟ್ಟು ಬೆಕ್ಕಿಗೆ ಹಾಲು ಬಿಡಿಸಿದ ತೆನಾಲಿ ರಾಮಕೃಷ್ಣನನ್ನು ನಾವೆಲ್ಲ ವಿಕಟಕವಿ ಅಂದ್ವಿ. ಅವನು ಪಶುವೈದ್ಯ ಕಣಯ್ಯಾ!" ಎಂದು ಮೇಷ್ಟ್ರು ನನಗೆ ಅರ್ಧ ಗಂಟೆ ಪಾಠ ಮಾಡಿದರು.

ಉಳಿದದ್ದು ಮೀನು. ಕಡೂರಿನಲ್ಲಿ ಕೊಂಡರೆ ಹಳೇ ಶಿಷ್ಯರು ನೋಡಿಬಿಡುತ್ತಾರೆ. ತರೀಕೆರೆಯಲ್ಲಿ ಮಗಳ ಮನೆಯಿದೆ. ಮೊಮ್ಮಗಳ ಮೇಲೆ ವಾರಕ್ಕೊಮ್ಮೆ ಪ್ರೀತಿ ಉಕ್ಕಿ ಬೀರೂರು ದಾಟಿ ಹೋಗುತ್ತಾರೆ. ಬರುವಾಗ ಬ್ಯಾಗಿನಲ್ಲಿ ಭದ್ರಾ ಹಿನ್ನೀರಿನ ಮೀನು, ಅದರ ಮೇಲೆ ಮರ್ಯಾದೆಗೆ ಎರಡು ಚಿಪ್ಪು ಬಾಳೆಹಣ್ಣು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ಇವರೂ ಮುಚ್ಚಿಕೊಂಡು, "ಯಾರೋ ಏನೋ ತಂದಿದ್ದಾರೆ" ಎನ್ನುತ್ತಾರೆ.

ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ. ಉಪ್ಪಿಲ್ಲ, ಖಾರವಿಲ್ಲ, ಬರೀ ನೀರಿನಲ್ಲಿ ಬೇಯಿಸಿ, ಕನ್ನಡಕ ಏರಿಸಿಕೊಂಡು ಒಂದೊಂದೇ ಮುಳ್ಳು ಹೆಕ್ಕುತ್ತಾರೆ. ಆ ನೀರನ್ನೂ ಚೆಲ್ಲದೆ ಕಲಸುತ್ತಾರೆ, ಮುದಿ ಬೆಕ್ಕಿನ ಮೂತ್ರಪಿಂಡಕ್ಕೆ ನೀರಿನಂಶ ಹೆಚ್ಚು ಬೇಕಂತೆ. ನನಗೆ 34 ಅಂಕ ಕೊಟ್ಟು ಫೇಲು ಮಾಡಿದ ಕೈ ಅದೇ. ಅಂದು ನನ್ನ ಉತ್ತರ ಪತ್ರಿಕೆಯನ್ನು ಇಷ್ಟು ಜತನದಿಂದ ನೋಡಿದ್ದರೆ ಒಂದು ಅಂಕ ಸಿಗುತ್ತಿರಲಿಲ್ಲವೇ?

ಬೆಕ್ಕಿನ ವಯಸ್ಸಿಗೂ ಮೇಷ್ಟ್ರ ಬಳಿ ಸೂತ್ರವಿದೆ. ಮೊದಲ ವರ್ಷ ನಮ್ಮ 15ಕ್ಕೆ ಸಮ, ಎರಡು ತುಂಬಿದರೆ 24, ಅಲ್ಲಿಂದ ವರ್ಷಕ್ಕೆ ನಾಲ್ಕು. ಕಳೆದ ವರ್ಷ ಬೆಕ್ಕಿಗೆ 14, ಎಂದರೆ 72. ಮೇಷ್ಟ್ರಿಗೂ 72. "ಇಬ್ಬರೂ ಒಂದೇ ವಾರಿಗೆ" ಎಂದು ಹಿಗ್ಗಿದರು. ಈ ವರ್ಷ ಇವರಿಗೆ 73 ಆಗುವಷ್ಟರಲ್ಲಿ ಅದು 76ಕ್ಕೆ ಹಾರಿತು. ಹಿರಿಯರನ್ನು ಏಕವಚನದಲ್ಲಿ ಕರೆಯುವ ಸಂಸ್ಕಾರ ಅವರದಲ್ಲ. ಅಂದಿನಿಂದ ಚಿನ್ನಿ ಎಂಬ ಹೆಸರು ಹೋಗಿ "ಅಕ್ಕಾವ್ರು" ಬಂದರು. "ಅಕ್ಕಾವ್ರು ಊಟ ಮಾಡಿದ್ರಾ? ಅಕ್ಕಾವ್ರು ಅಟ್ಟ ಹತ್ತಬೇಕಾ?" ಅಟ್ಟಕ್ಕೆ ಮಣೆಗಳ ಮೆಟ್ಟಿಲಾಗಿದೆ. ಮೇಷ್ಟ್ರ ಹೆಂಡತಿಗೆ ಮಾತ್ರ ಈಗಲೂ ಏಕವಚನವೇ.

ಒಂದು ದಿನ ಆ ತಾಯಿ, ಬೆಕ್ಕಿನ ಮೈ ಬಿಸಿಯಿದೆಯೆಂದು ಪ್ಯಾರಾಸಿಟಮಾಲ್ ಪುಡಿ ಮಾಡಲು ಹೊರಟರು. ಮೇಷ್ಟ್ರು ಕೂಗಿದ ಕೂಗಿಗೆ ಬೀದಿಯೇ ಸೇರಿತು. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ನಿಜ. ಆದರೆ ಆ ಮಾತ್ರೆ ತರಿಸಿದ್ದು ಮೇಷ್ಟ್ರ ಜ್ವರಕ್ಕೆ. ಅವರು ಅದನ್ನು ನುಂಗಿರಲಿಲ್ಲ.

ಅಜ್ಜಂಪುರದ ಬಾಮೈದನಿಗೆ ಇದೆಲ್ಲ ಹಿಡಿಸುವುದಿಲ್ಲ. "ಏನ್ ಭಾವ, ನಮ್ಮೂರ ಅಮೃತ ಮಹಲ್ ದನ ಬಯಲ ಹುಲ್ಲು ಮೇಯ್ದು ಟಿಪ್ಪುವಿನ ಫಿರಂಗಿ ಎಳೆದವು. ನಿಮ್ಮ ಬೆಕ್ಕಿಗೇನು ದಾಡಿ?" ಮೇಷ್ಟ್ರು ಸಾವಧಾನವಾಗಿ, "ಅಕ್ಕಾವ್ರು ಫಿರಂಗಿ ಎಳೆಯೋದಿಲ್ಲವಪ್ಪ" ಎಂದರು. ಬಾಮೈದ ಪ್ರತಿ ಸುಗ್ಗಿಗೂ ಅಜ್ಜಂಪುರದ ಈರುಳ್ಳಿ ಒಂದು ಮೂಟೆ ತರುತ್ತಾನೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆದು ಹಾಕುತ್ತವೆ, ಬೇಯಿಸಿದರೂ ವಿಷವೇ. ಈ ಸಲ ಮೂಟೆ ಹೊಸಿಲು ದಾಟಲಿಲ್ಲ, ಕಾಂಪೌಂಡಿನ ಮೂಲೆಯಲ್ಲಿ ಮೊಳಕೆಯೊಡೆಯುತ್ತಿದೆ.

ಮೊನ್ನೆ ಕೇಳಿದೆ: "ಮೇಷ್ಟ್ರೇ, ಶುಗರ್ ಟೆಸ್ಟ್ ಮಾಡಿಸಿದ್ರಾ?"

"ಮಾಡಿಸ್ದೆ. ಅಕ್ಕಾವ್ರದು ನಾರ್ಮಲ್."

ಆ ಕಡೆ ಹೋಗುವವರು ಹೋಗಿ ಬನ್ನಿ, ಉಪಚಾರಕ್ಕೆ ಕೊರತೆಯಿಲ್ಲ. ಈರುಳ್ಳಿ ಹಾಕಿದ ಉಪ್ಪಿಟ್ಟನ್ನು ಮಾತ್ರ ಗೇಟಿನಾಚೆ ನಿಂತು ತಿನ್ನಬೇಕು.