ತವರಿಗೆ ಹೋದ ಟ್ರ್ಯಾಕ್ಟರು

'ಒಬ್ಬನೇ ಡ್ರೈವರ್ ಓಡಿಸಿದ್ದು ಸರ್, ಬರೀ 1,900 ತಾಸು' ಎಂದು ಹೇಳಿ ಅವನು ನನಗೆ ಹಳೇ ಟ್ರ್ಯಾಕ್ಟರ್ ದಾಟಿಸಿದ. ಟ್ರ್ಯಾಕ್ಟರಿನ ವಯಸ್ಸನ್ನು ಎಣಿಸುವುದು ಕಿಲೋಮೀಟರಿನಲ್ಲಲ್ಲ, ಎಂಜಿನ್ ಓಡಿದ ತಾಸುಗಳಲ್ಲಿ. ಮುಂಗಾರು, ಹಿಂಗಾರು ಎರಡೂ ಉಳುಮೆ ಮುಗಿಸಿದೆ. ಮೀಟರು ಆಗಲೂ 1,900ರಲ್ಲೇ ಇತ್ತು. ಚಿರಯೌವನ!

ಒಂದು ದಿನ ನೇಗಿಲೆತ್ತಲು ಲಿವರ್ ಎಳೆದರೆ, ಅದು ಅರ್ಧ ಎದ್ದು, ಉಸಿರುಬಿಟ್ಟು, ಮೆಲ್ಲಗೆ ಕೂತುಬಿಟ್ಟಿತು. ಮದುವೆ ಊಟದ ಪಂಕ್ತಿಯಿಂದ ಏಳಲಾರದ ನಮ್ಮ ಮಾವನ ಹಾಗೆ. ಊರ ಮೇಸ್ತ್ರಿಯ ಸಹವಾಸ ಬೇಡ, ಹೆತ್ತ ಕಂಪನಿಯೇ ನೋಡಲಿ ಎಂದು ತವರಿಗೆ ಕರೆದೊಯ್ದೆ.

ಅಲ್ಲಿನ ಹುಡುಗ ಟ್ರ್ಯಾಕ್ಟರನ್ನು ಬಿಟ್ಟು ಕಂಪ್ಯೂಟರನ್ನು ನೋಡಿ, 'ಓನರ್ ನೀವಲ್ಲವಲ್ಲ?' ಎಂದ. ನಿಜ. ಆರ್‌ಸಿ ವರ್ಗಾವಣೆಯ ಫಾರಂ 29, 30 ಎರಡೂ ನಮ್ಮನೆ ದೇವರ ಪಟದ ಹಿಂದೆ ಭದ್ರವಾಗಿದ್ದವು. 'ಹೈಡ್ರಾಲಿಕ್ ಪಂಪೇ ಹೊಸದು ಬೇಕು, ಬರಲು ಮೂರು ವಾರ' ಎಂದು ಎಸ್ಟಿಮೇಟು ಚಾಚಿದ. ನೋಡಿ ನಾನೂ ಮೆಲ್ಲಗೆ ಕೂತೆ.

ಅಷ್ಟರಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು, ಡಿಪ್‌ಸ್ಟಿಕ್ ಎಳೆದು ಬನಿಯನ್ನಿನ ಚೂರಿಗೆ ಒರೆಸಿದರು. ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿತ್ತು. 'ಮಳೆಯಲ್ಲಿ ನಿಲ್ಲಿಸಿದ್ದೀರಿ, ನೀರು ಸೇರಿದೆ. ಫಿಲ್ಟರೂ ಕಟ್ಟಿಕೊಂಡಿದೆ.' ಎರಡನ್ನೂ ಬದಲಿಸಿದ ಮೇಲೆ ನೇಗಿಲು ಶಾಲೆಯ ಹುಡುಗನಂತೆ ತಟ್ಟನೆ ಎದ್ದು ನಿಂತಿತು.

ಹೊರಡುವಾಗ ಅವರು ಮೀಟರಿನ ಕೇಬಲ್ಲನ್ನೂ ಜೋಡಿಸಿಕೊಟ್ಟರು, ಕೇಳದೆಯೇ. ಈಗ 1,911 ತಾಸು. ಬೇಕಾದವರು ಹೇಳಿ, ಒಬ್ಬನೇ ಡ್ರೈವರ್ ಓಡಿಸಿದ್ದು.