ವಿಪ್ ಹೊರಡಿಸಿದ ವೈರ

ಆಡಳಿತ ಪಕ್ಷ, ವಿರೋಧ ಪಕ್ಷಗಳ ಶಾಸಕರು ಹಾವು ಮುಂಗುಸಿಗಳಾಗಿಬಿಟ್ಟರಲ್ಲ ಎಂದು ಮರುಗುವವರು 2025ರ ಮಾರ್ಚ್ 21ರ ಕರ್ನಾಟಕ ವಿಧಾನಸಭೆಯನ್ನು ನೆನೆದು ಸಮಾಧಾನ ಪಟ್ಟುಕೊಳ್ಳಬಹುದು. ಅಂದು ಸ್ಪೀಕರ್ ಪೀಠದತ್ತ ಕಾಗದಗಳು ಹಾರಿದವು. ಬಿಜೆಪಿಯ 18 ಶಾಸಕರಿಗೆ ಆರು ತಿಂಗಳ ಅಮಾನತು (ಮೇ ತಿಂಗಳಲ್ಲೇ ರದ್ದಾಯಿತೆನ್ನಿ). ಮಾರ್ಷಲ್‌ಗಳು ಕೆಲವರನ್ನು ಹೊತ್ತುಕೊಂಡೇ ಹೊರಗೆ ಬಿಟ್ಟರು. ಅದೇ ದಿನ ಮುಖ್ಯಮಂತ್ರಿಯ ಸಂಬಳವನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಶಾಸಕರದ್ದನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಗದ್ದಲವೇ ಗಟ್ಟಿಮೇಳವಾಗಿ ಮುಹೂರ್ತ ಸಾಂಗವಾಗಿ ಮುಗಿಯಿತು.

ಮಿಕ್ಕ ದಿನಗಳಲ್ಲಿ ಈ ಪಾಟಿ ವೈರ ಎಲ್ಲಿಂದ ಬರುತ್ತದೆ? ಸಿದ್ಧಾಂತದಿಂದ ಎಂದರೆ 2019 ನಗುತ್ತದೆ. ಅಂದಿನ ಮೈತ್ರಿ ಸರ್ಕಾರಕ್ಕೆ ಕೈಕೊಟ್ಟ ಅದರದ್ದೇ 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಎಂದಿತು ಸುಪ್ರೀಂ ಕೋರ್ಟ್. ಡಿಸೆಂಬರಿನಲ್ಲಿ ಹೆಚ್ಚಿನವರು ನಿಂತರು, ನಿಂತವರಲ್ಲಿ ಬಹುಪಾಲು ಮಂದಿ ಕಮಲದ ಚಿಹ್ನೆಯಲ್ಲಿ ಗೆದ್ದರು, ಫೆಬ್ರವರಿಯಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಜೀವಮಾನದ ಸಿದ್ಧಾಂತ ಬದಲಿಸಲು ಮುಂಬೈ ಹೋಟೆಲಿನ ಕೆಲವು ದಿನಗಳ ವಾಸ ಸಾಕಾಯಿತು.

ಇದನ್ನು ತಡೆಯಲೆಂದೇ 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು. ಹಾರುವವರು ಹಾರುತ್ತಲೇ ಇದ್ದಾರೆ, ಸಿಕ್ಕಿಬಿದ್ದದ್ದು ಕೂತಲ್ಲೇ ಯೋಚಿಸುವವರು. ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿ ಒಬ್ಬ ಮತ ಹಾಕಿದರೆ ಸ್ಥಾನಕ್ಕೇ ಕುತ್ತು. ಮೂರನೇ ಎರಡು ಭಾಗ ಒಟ್ಟಾಗಿ ಹೊರಟರೆ ಅದು ವಿಲೀನ, ಕಾನೂನುಬದ್ಧ. ಬಿಡಿಯಾಗಿ ಮಾಡಿದರೆ ದ್ರೋಹ, ಸಗಟಾಗಿ ಮಾಡಿದರೆ ರಾಜಕಾರಣ!

ಹೀಗಿರುವಾಗ ಎದುರು ಪಕ್ಷದ ತಿದ್ದುಪಡಿಯೊಂದು ಸರಿಯೆನಿಸಿದ ಶಾಸಕ ಏನು ಮಾಡಬೇಕು? ಮೊಗಸಾಲೆಗೆ ಬಂದು ಕಾಫಿ ಹೀರುತ್ತಾ ‘ನೀವು ಹೇಳಿದ್ದು ಸರಿ ಅಣ್ಣಾ’ ಎನ್ನುತ್ತಾನೆ. ಒಳಗೆ ಹೋಗಿ ಅದೇ ಅಣ್ಣನ ಮೇಲೆ ತೋಳೇರಿಸುತ್ತಾನೆ. ಮುಂದಿನ ಟಿಕೆಟ್ ಹಂಚುವವರು ನೋಡುವುದು ತೋಳನ್ನು, ಕಾಫಿಯನ್ನಲ್ಲ. ಕ್ಷೇತ್ರದ ಜನ ಐದು ವರ್ಷಕ್ಕೊಮ್ಮೆ ಕೇಳುತ್ತಾರೆ, ಹೈಕಮಾಂಡ್ ದಿನವೂ ಕೇಳುತ್ತದೆ.

ಸರ್ಕಾರದ ಅಳಿವು-ಉಳಿವಿನಂಥ ಸಂದರ್ಭಕ್ಕಷ್ಟೇ ವಿಪ್‌ನ ಈ ಬಲ ಸಾಕು ಎಂದು ಚುನಾವಣಾ ಸುಧಾರಣೆಯ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಹಾಗೆ ಮಾಡಲು ಸಂವಿಧಾನ ತಿದ್ದಬೇಕು. ತಿದ್ದಲು ಸಂಸದರು ಮತ ಹಾಕಬೇಕು. ಯಾವ ಗುಂಡಿ ಒತ್ತಬೇಕೆಂದು ಅವರಿಗೆ ತಿಳಿಯಲು ಮೊದಲು ಒಂದು ವಿಪ್ ಹೊರಡಬೇಕು.